'ಗಂಡ' ಎಂಬುದನ್ನು 'ಗೆಳೆಯ' ಮಾಡಬೇಡಿ

ಮಾನ್ಯರೆ,

ಕಾಮಿಕ್ಸ್‌ನಲ್ಲಿ ಸಲಿಂಗಿ ಪಾತ್ರಗಳೇಕೆ ಎಂದು ಕೇಳುವವರು ನಮ್ಮ ಶಿರಸಿ, ಕಾರವಾರದ ಕಡೆಯೂ ಇದ್ದಾರೆ. ಇಷ್ಟು ಕಾಲ ಆ ಪಾತ್ರಗಳು ಕಾಣದೆ ಹೋದದ್ದು ತಾನಾಗಿ ಅಲ್ಲ. ಅಮೆರಿಕದ ಪ್ರಕಾಶಕರು 1954ರಲ್ಲಿ ತಾವೇ ಮಾಡಿಕೊಂಡ ಕಾಮಿಕ್ಸ್ ಸಂಹಿತೆ ಸಲಿಂಗ ಸಂಬಂಧದ ಸುಳಿವನ್ನೂ ನಿಷೇಧಿಸಿತ್ತು. ಸಂಹಿತೆಯ ಮೊಹರಿಲ್ಲದ ಪುಸ್ತಕವನ್ನು ಹೆಚ್ಚಿನ ವಿತರಕರು ಮುಟ್ಟುತ್ತಿರಲಿಲ್ಲ. 1989ರಲ್ಲಿ ಅದು ಸಡಿಲವಾಯಿತು. 1992ರಲ್ಲಿ ಮಾರ್ವೆಲ್ ಪ್ರಕಾಶನದ ಸೂಪರ್‌ಹೀರೊ ನಾರ್ತ್‌ಸ್ಟಾರ್ ತಾನು ಸಲಿಂಗಿ ಎಂದ. 2012ರಲ್ಲಿ ತನ್ನ ಸಂಗಾತಿ ಕೈಲ್‌ನನ್ನು ಮದುವೆಯಾದ. ನ್ಯೂಯಾರ್ಕ್ ರಾಜ್ಯ ಅಂಥ ಮದುವೆಗೆ ಕಾನೂನಿನ ಮಾನ್ಯತೆ ಕೊಟ್ಟು ಆಗಿನ್ನೂ ಒಂದೇ ವರ್ಷ.

ಇಂಥ ಕಥೆಯನ್ನು ಕನ್ನಡಕ್ಕೆ ತರುವಾಗ ಕೆಡುವುದು ಮಾತಿನ ಬಲೂನಿನಲ್ಲಿ. ಐದಾರು ಪದ ಹಿಡಿಯುವ ಜಾಗದಲ್ಲಿ 'ಇವನು ನನ್ನ ಗಂಡ' ಎಂಬುದನ್ನು 'ನನ್ನ ಗೆಳೆಯ' ಎಂದು ಬದಲಿಸಿದರೆ, ಮುಂದಿನ ಚೌಕದಲ್ಲಿ ಆಸ್ಪತ್ರೆ ಮಂಚದ ಪಕ್ಕ ಅವನು ಕೈಹಿಡಿದು ಕೂತದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. 'ಸಲಿಂಗಕಾಮಿ' ಪದವೂ ಬೇಡ: ಕೂಡಿ ಬಾಳುವುದೆಲ್ಲ ಬರೀ ಕಾಮವಾಗಿ ಕಾಣುತ್ತದೆ. 'ಸಲಿಂಗಿ', 'ಸಂಗಾತಿ', 'ಗಂಡ' ಸಾಕು.

ನಮ್ಮಲ್ಲಿ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧಕ್ಕಿದ್ದ ಅಪರಾಧದ ಹಣೆಪಟ್ಟಿ ಕಿತ್ತಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ಮಾತ್ರ ಕೊಡಲಿಲ್ಲ, ಅದನ್ನು ಶಾಸನಸಭೆಗೆ ಬಿಟ್ಟಿತು. ಅದಕ್ಕಾಗಿ ತಿದ್ದಬೇಕಾದ ವಿಶೇಷ ವಿವಾಹ ಕಾಯ್ದೆಯೂ ಆ ಕಾಮಿಕ್ಸ್ ಸಂಹಿತೆಯಂತೆ 1954ರದ್ದೇ! ಗ್ರಂಥಾಲಯಕ್ಕೆ ಪುಸ್ತಕ ಆರಿಸುವವರು ಇಂಥ ಕಾಮಿಕ್ಸನ್ನು ಮುಖಪುಟ ನೋಡಿ ಬದಿಗಿಡದೆ, ಒಳಗಿನ ನಾಲ್ಕು ಪುಟವನ್ನಾದರೂ ಓದಿ ತೀರ್ಮಾನಿಸಲಿ.

— ಓದುಗರು, ಶಿರಸಿ