ಆಪತ್ತಿಗೆಂದು ಕೂಡಿಡುವ ಮೊದಲು

ಚಿತ್ರದುರ್ಗ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ದಾವಣಗೆರೆಯಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನೀನು ಮೊಬೈಲಿಗೆ ಕಳಿಸಿದ ಪಟ್ಟಿಯನ್ನು ಸಾವಧಾನವಾಗಿ ಓದಿದೆ. ಆಪತ್ಕಾಲಕ್ಕೆ ಇರಲಿ ಎಂದು ನೀವಿಬ್ಬರೂ ಒಂದೇ ವಾರದಲ್ಲಿ ತಂದಿಟ್ಟಿರುವ 50 ಕೆ.ಜಿ. ಅಕ್ಕಿ, ಒಂದು ಮೂಟೆ ಗೋಧಿ, ಪೆಟ್ಟಿಗೆಗಟ್ಟಲೆ ನೂಡಲ್ಸ್ ಮತ್ತು ಬಿಸ್ಕತ್ತು, ಟಾರ್ಚು, ಹತ್ತು ಕೆಲಸಕ್ಕೆ ಬರುವುದೆಂದು ಹೇಳಿ ಮಾರುವ ಆ ದುಬಾರಿ ಚಾಕು, ಇವುಗಳಲ್ಲಿ ಯಾವುದೂ ಕೆಟ್ಟ ವಸ್ತುವಲ್ಲ. ನಿಮ್ಮ ಮುಂದಾಲೋಚನೆಯನ್ನು ನಾನು ಮೆಚ್ಚುತ್ತೇನೆ. ಆದರೆ ನಿಮ್ಮ ಕ್ರಮ ತಲೆಕೆಳಗಾಗಿದೆ. ಜೀವಮಾನದ ಬಹುಭಾಗವನ್ನು ಕಾಳಿನ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾ ಕಳೆದವನಾದ್ದರಿಂದ, ಕೂಡಿಡುವ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ.

ಯಾವ ಆಪತ್ತಿಗೆ ಎಂದು ಕೇಳಿಕೊಳ್ಳದೆಯೇ ಸಾಮಾನು ಕೊಳ್ಳಲು ಹೊರಡುವುದು ಹೊಸಬರೆಲ್ಲರೂ ಮಾಡುವ ಮೊದಲ ತಪ್ಪು. ನಮ್ಮ ಸೀಮೆಗೆ ಬರುವ ಕಷ್ಟಗಳು ಗೊತ್ತಿರುವಂಥವೇ. ಬರ ಬೀಳುತ್ತದೆ. ನಲ್ಲಿಯಲ್ಲಿ ವಾರಗಟ್ಟಲೆ ನೀರು ಬರುವುದಿಲ್ಲ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಕಂಬಗಳು ಮುರಿದು ಕರೆಂಟು ಹೋಗುತ್ತದೆ. ಮಲೆನಾಡಿನಲ್ಲಿ ಮಳೆ ಹೆಚ್ಚಾದರೆ ತುಂಗಭದ್ರೆ ಉಕ್ಕಿ ಹೊನ್ನಾಳಿ, ಹರಿಹರಗಳ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗುತ್ತದೆ. 2020ರ ಮಾರ್ಚ್ ಕೊನೆಯ ಲಾಕ್‌ಡೌನ್ ಅನ್ನು ನೀನೇ ಕಂಡಿದ್ದೀಯೆ. ಆಗಲೂ ದಿನಸಿ ಅಂಗಡಿಗಳು ದಿನದಲ್ಲಿ ಕೆಲವು ಗಂಟೆಯಾದರೂ ತೆರೆದಿದ್ದವು, ಪಡಿತರದ ಅಕ್ಕಿಯೂ ಸಿಕ್ಕಿತು. ಜನ ಪರದಾಡಿದ್ದು ದಿನಾ ನುಂಗುವ ಮಾತ್ರೆಗೆ, ಆಸ್ಪತ್ರೆಗೆ ಹೋಗುವ ವಾಹನಕ್ಕೆ, ಕೈಯಲ್ಲಿ ನಾಲ್ಕು ಕಾಸಿಗೆ. ಇದನ್ನು ಗಮನದಲ್ಲಿಟ್ಟುಕೊಂಡರೆ ಮೊದಲು ನೀರು, ಅನಂತರ ಔಷಧಿ, ಆಮೇಲೆ ಬೆಳಕು ಮತ್ತು ಒಲೆ, ಕೊನೆಯಲ್ಲಿ ಕಾಳುಕಡಿ ಎಂಬ ಕ್ರಮ ತಾನಾಗಿ ಹೊಳೆಯುತ್ತದೆ. ನಿನ್ನ ಪಟ್ಟಿಯಲ್ಲಿ ನೀರು ಕೊನೆಯ ಸಾಲಿನಲ್ಲಿದೆ, ಅದೂ ಬಾಟಲಿಗಳ ರೂಪದಲ್ಲಿ.

ನಮ್ಮ ಕೋಟೆಯನ್ನು ನೀನು ಹತ್ತಿದ್ದೀಯೆ. ಓಬವ್ವನ ಕಿಂಡಿಯ ಮುಂದೆ ನಿಲ್ಲುವಷ್ಟು ಹೊತ್ತು ಜನ ಹೊಂಡಗಳ ಮುಂದೆ ನಿಲ್ಲುವುದಿಲ್ಲ. ಆದರೆ ಮುತ್ತಿಗೆಯ ಕಾಲಕ್ಕೆಂದು ಪಾಳೆಯಗಾರರು ಕಟ್ಟಿಸಿದ್ದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ಹೊಂಡಗಳೇ. ಬಂಡೆಗಳ ಮೇಲೆ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ, ಹೆಚ್ಚಾದದ್ದು ಅಕ್ಕ-ತಂಗಿಯರ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗೆ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೆ ಹರಿಯುವಂತೆ ಮಾಡಿದ ಏರ್ಪಾಡು ಅದು. ಕಣಜಗಳೂ ಎಣ್ಣೆಯ ಕೊಳಗಳೂ ಕೋಟೆಯಲ್ಲಿ ಇವೆ, ಆದರೆ ನೀರಿಲ್ಲದ ಗುಡ್ಡದ ಮೇಲೆ ಅವುಗಳಿಂದ ಏನು ಪ್ರಯೋಜನವಿತ್ತು? ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಸೀಮೆಯಲ್ಲಿ ಹುಟ್ಟಿದ ನಾವು ನೀರನ್ನು ಕೊನೆಯ ಸಾಲಿಗೆ ಬರೆಯಬಾರದು.

ಲೆಕ್ಕ ಸುಲಭ. ಕುಡಿಯಲು, ಅಡುಗೆಗೆ, ಕೈಕಾಲು ಮುಖ ತೊಳೆಯಲು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 15 ಲೀಟರ್ ಎಂಬುದು ವಿಪತ್ತಿನ ಪರಿಹಾರ ಶಿಬಿರಗಳಲ್ಲಿ ಅನುಸರಿಸುವ ಕನಿಷ್ಠ ಅಳತೆ. ನಿಮ್ಮ ಮನೆಯ ನಾಲ್ವರಿಗೆ ಮೂರು ದಿನಕ್ಕೆ 180 ಲೀಟರ್ ಆಯಿತು. ಬಾಟಲಿ ನೀರಿನಿಂದ ಈ ಲೆಕ್ಕ ತುಂಬುವುದಿಲ್ಲ. ಬಿಗಿಯಾದ ಮುಚ್ಚಳವೂ ಕೆಳಗೊಂದು ನಲ್ಲಿಯೂ ಇರುವ, ಆಹಾರಕ್ಕೆ ಬಳಸುವ ದರ್ಜೆಯ ಡ್ರಮ್ ಒಂದನ್ನು ಕೊಂಡರೆ ತುಂಬುತ್ತದೆ. ಹಿಂದೆ ಬಣ್ಣವನ್ನೋ ರಾಸಾಯನಿಕವನ್ನೋ ತುಂಬಿದ್ದ ಹಳೆಯ ಡ್ರಮ್ಮು ಅಗ್ಗಕ್ಕೆ ಸಿಕ್ಕಿತೆಂದು ತರಬೇಡ, ಎಷ್ಟು ತೊಳೆದರೂ ಅದು ಕುಡಿಯುವ ನೀರಿಗೆ ಆಗುವುದಿಲ್ಲ. ಸಂಪಿನಲ್ಲಿ ಸಾವಿರಾರು ಲೀಟರ್ ಇದೆಯಲ್ಲ ಎಂದು ನಿನ್ನ ಗಂಡ ಹೇಳಬಹುದು. ಇರಲಿ, ಕರೆಂಟು ಹೋದಾಗ ಮೋಟರು ಓಡದು, ಆಗ ಆ ನೀರನ್ನು ಮೇಲೆ ತರುವುದು ಹೇಗೆ? ಒಂದು ಶುಭ್ರವಾದ ಬಕೆಟ್ಟು ಮತ್ತು ಹಗ್ಗ ಸಂಪಿನ ಪಕ್ಕದಲ್ಲೇ ಇರಬೇಕು. ನೂರು ರೂಪಾಯಿಯ ಆ ಹಗ್ಗ ನಿಮ್ಮ ಚಾಕುವಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೂಡಿಟ್ಟ ನೀರಿಗೆ ಮೂರು ಅಪಾಯಗಳಿವೆ. ಮುಚ್ಚಳ ಸಡಿಲವಾದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಅದರಲ್ಲೇ ಮೊಟ್ಟೆಯಿಡುತ್ತದೆ. ಆ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುವುದರಿಂದ, ನೀರು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಎರಡನೆಯದು ಮಾಲಿನ್ಯ. 2023ರ ಆಗಸ್ಟ್‌ನಲ್ಲಿ ನಮ್ಮೂರಿನ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಹಾಸಿಗೆ ಹಿಡಿದದ್ದು, ಸಾವುಗಳೂ ಆದದ್ದು ನಿನಗೆ ನೆನಪಿರಬೇಕು. ಅನುಮಾನ ಬಂದ ನೀರನ್ನು ಬಟ್ಟೆಯಲ್ಲಿ ಸೋಸಿ ಚೆನ್ನಾಗಿ ಕುದಿಸು. ಕ್ಲೋರಿನ್ ಮಾತ್ರೆ ಹಾಕುವುದಾದರೆ ಚೀಟಿಯ ಮೇಲಿನ ಅಳತೆ ಮತ್ತು ಸಮಯವನ್ನು ಪಾಲಿಸು. ಮೂರನೆಯದನ್ನು ಬಹಳ ಮಂದಿ ತಿಳಿದಿರುವುದಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ, ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಆದ್ದರಿಂದ ಡ್ರಮ್ಮಿಗೆ ಯಾವ ನೀರು ತುಂಬುತ್ತಿದ್ದೀರಿ ಎಂಬುದನ್ನು ವಿಚಾರಿಸಿ ತುಂಬಿರಿ.

ಇನ್ನು ಕಾಳಿನ ಮಾತು. ಇದರಲ್ಲಿ ನಾನು ಸ್ವಲ್ಪ ಹೆಚ್ಚು ಬರೆದರೆ ಕ್ಷಮಿಸು, ವೃತ್ತಿಯ ಚಪಲ. 50 ಕೆ.ಜಿ. ಅಕ್ಕಿಯನ್ನು ಬಾಯಿ ತೆರೆದ ಚೀಲದಲ್ಲಿ, ಅದೂ ಶೀಟಿನ ಕೆಳಗಿನ ಅಟ್ಟದ ಮೇಲೆ ಇಟ್ಟಿರುವುದಾಗಿ ಬರೆದಿದ್ದೀಯೆ. ಮನೆಯಲ್ಲಿ ಅತ್ಯಂತ ಬಿಸಿಯಾಗುವ ಜಾಗ ಅದೇ. ಬಿಸಿ ಮತ್ತು ತೇವ ಎರಡೂ ಕಾಳಿನ ವೈರಿಗಳು. ಹಿಂದಿನವರು ರಾಗಿ, ಜೋಳಗಳನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದುದು ಅಲ್ಲಿ ತಂಪಿದ್ದುದರಿಂದ ಮತ್ತು ಗಾಳಿ ಇಲ್ಲದ್ದರಿಂದ ಹುಳು ಬದುಕುತ್ತಿರಲಿಲ್ಲ ಎಂಬ ಕಾರಣಕ್ಕೆ. ಅದೇ ಕಾರಣಕ್ಕೆ ಹಗೇವಿನ ಬಾಯಿ ತೆಗೆದೊಡನೆ ಒಳಗಿಳಿದ ಮನುಷ್ಯನೂ ಬದುಕುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ನಿಮಗೆ ಹಗೇವು ಬೇಡ. ಒಣಗಿದ ಕಾಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಕಂಠದವರೆಗೆ ತುಂಬಿ, ಗೋಡೆಗೂ ನೆಲಕ್ಕೂ ತಾಗದಂತೆ ಮಣೆಯ ಮೇಲೆ, ತಂಪಾದ ಕೋಣೆಯಲ್ಲಿ ಇಟ್ಟರೆ ಸಾಕು. ಒಣಗಿದೆಯೋ ಇಲ್ಲವೋ ತಿಳಿಯಲು ಮಂಡಿಯಲ್ಲಿ ನಾವು ಮಾಡುತ್ತಿದ್ದಂತೆ ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡು. ಕಟ್ ಎಂದು ಒಡೆಯಬೇಕು, ಮೆತ್ತಗೆ ಅಮುಕಿದರೆ ಇನ್ನೊಂದು ಬಿಸಿಲು ಬೇಕು. ಅಕ್ಕಿಗೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆ, ಬೇಳೆಗೆ ತೆಳುವಾಗಿ ಹರಳೆಣ್ಣೆ ಸವರುವುದು ಇಂದಿಗೂ ನಡೆಯುವ ಉಪಾಯ. ಹೆಸರು, ಅಲಸಂದೆಯಂಥ ಇಡೀ ಕಾಳಿಗೆ ಹುಳು ಬೇಗ ಬೀಳುತ್ತದೆ, ಒಡೆದ ಬೇಳೆಗೆ ಅಷ್ಟಿಲ್ಲ.

ಎರಡು ಎಚ್ಚರಿಕೆಗಳನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹುಳು ಬೀಳದಿರಲೆಂದು ಕೆಲವರು ಗೋದಾಮಿನ ಗುಳಿಗೆಯನ್ನು ಮನೆಯ ಡಬ್ಬಿಗೆ ಹಾಕುತ್ತಾರೆ. ಅಲ್ಯೂಮಿನಿಯಂ ಫಾಸ್ಫೈಡ್ ಅದು. ಗಾಳಿಯ ತೇವ ತಗುಲಿದರೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಜನ ಮಲಗುವ ಮನೆಯೊಳಗೆ ಅದು ಬರಲೇಬಾರದು. ಇನ್ನೊಂದು, ಬೂಷ್ಟು ಹಿಡಿದ ಶೇಂಗಾ ಅಥವಾ ಮೆಕ್ಕೆಜೋಳ. ಅದರಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಯಕೃತ್ತನ್ನು ಕೆಡಿಸುವ ವಿಷ, ಹುರಿದರೂ ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ. ದುಡ್ಡು ಕೊಟ್ಟು ತಂದದ್ದೆಂದು ಬೂಷ್ಟು ಒರೆಸಿ ಬಳಸುವ ಜಿಪುಣತನ ಬೇಡ.

ಗೋಧಿಯ ಮೂಟೆಯನ್ನು ಏಕೆ ತಂದಿರೋ ನನಗೆ ತಿಳಿಯಲಿಲ್ಲ. ಮೂರು ದಿನ ಕರೆಂಟು ಇಲ್ಲದಿದ್ದರೆ ಹಿಟ್ಟಿನ ಗಿರಣಿಯೂ ಮುಚ್ಚಿರುತ್ತದೆಯಲ್ಲವೇ? ಹಾಗೆಂದು ಹಿಟ್ಟನ್ನೇ ಮೂಟೆಗಟ್ಟಲೆ ಇಡಲಾಗದು, ಕಾಳಿನಷ್ಟು ಅದು ಬಾಳುವುದಿಲ್ಲ. ನೂಡಲ್ಸ್ ವಿಷಯವೂ ಹೀಗೆಯೇ: ದಿನನಿತ್ಯ ನೀವು ತಿನ್ನದ ಪದಾರ್ಥವನ್ನು ಕಷ್ಟಕಾಲಕ್ಕೆಂದು ಇಟ್ಟರೆ ಅದು ಅವಧಿ ಮೀರುವವರೆಗೆ ಮೂಲೆಯಲ್ಲಿರುತ್ತದೆ, ಅಥವಾ ಮಗು ಹಟ ಮಾಡಿ ಹದಿನೈದು ದಿನದಲ್ಲಿ ಮುಗಿಸುತ್ತದೆ. ಒಲೆ ಹಚ್ಚದೆ ತಿನ್ನಬಹುದಾದ ಆಹಾರ ನಮ್ಮ ಕಡೆ ಎಷ್ಟಿಲ್ಲ! ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಹುರಿಗಡಲೆ. ಮಂಡಕ್ಕಿಯ ಊರಿನಲ್ಲೇ ಇದ್ದೀರಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಅದೂ ಮೆತ್ತಗಾಗದೆ ಇರುತ್ತದೆ. ತಿಂಗಳ ಸಾಮಾನು ತರುವಾಗ ಪ್ರತಿ ಸಲವೂ ಒಂದೆರಡು ಪದಾರ್ಥ ಹೆಚ್ಚಿಗೆ ತಂದು, ಹೊಸದನ್ನು ಹಿಂದಿಟ್ಟು ಹಳೆಯದನ್ನು ಮುಂದಿಟ್ಟು ಬಳಸುತ್ತಾ ಹೋದರೆ, ನಾಲ್ಕಾರು ತಿಂಗಳಲ್ಲಿ ಮೂರು ವಾರದ ದಾಸ್ತಾನು ಸಾಲವಿಲ್ಲದೆ ಕೂಡುತ್ತದೆ. ಒಂದೇ ದಿನ ಮೂಟೆ ಹೊತ್ತು ತರುವುದರಲ್ಲಿ ಇನ್ನೊಂದು ಅನ್ಯಾಯವೂ ಇದೆ. ಗಾಳಿಸುದ್ದಿ ಹಬ್ಬಿದ ದಿನ ಉಳ್ಳವರೆಲ್ಲ ಹಾಗೆ ಮಾಡಿದರೆ, ಅಂದಿನ ಕೂಲಿಯಲ್ಲಿ ಅಂದಿನ ಅಕ್ಕಿ ಕೊಳ್ಳುವವರಿಗೆ ಸಂಜೆಯ ವೇಳೆಗೆ ದರ ಕೈಗೆಟುಕುವುದಿಲ್ಲ.

ಔಷಧಿಯನ್ನು ನಿನ್ನ ಪಟ್ಟಿಯಲ್ಲಿ ಹುಡುಕಿದೆ, ಬ್ಯಾಂಡೇಜು ಮತ್ತು ಜ್ವರದ ಮಾತ್ರೆ ಮಾತ್ರ ಕಂಡವು. ನಿಮ್ಮ ಅತ್ತೆಯವರಿಗೆ ಇನ್ಸುಲಿನ್ ಇಲ್ಲದೆ ದಿನ ಸಾಗದು, ಔಷಧಿಗಳಲ್ಲಿ ಮೊದಲು ಕೂಡಿಡಬೇಕಾದದ್ದು ಅದೇ. ವೈದ್ಯರನ್ನು ಕೇಳಿ ಒಂದು ತಿಂಗಳಿನದನ್ನು ಮುಂಗಡವಾಗಿ ಇಟ್ಟುಕೊಳ್ಳಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ಆದರೆ ಹೆಪ್ಪುಗಟ್ಟಬಾರದು. ಬಳಸಲು ತೆರೆದದ್ದು ಸಾಮಾನ್ಯವಾಗಿ ನಾಲ್ಕು ವಾರ ಹೊರಗೆ ತಡೆಯುತ್ತದೆಯಾದರೂ ದಾವಣಗೆರೆಯ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿದು ಹೇಳಿದ ಮಾತಲ್ಲ ಅದು. ಫ್ರಿಜ್ ನಿಂತಾಗ, ಔಷಧಿಯನ್ನು ನೀರು ಸೋಕದಂತೆ ಚೀಲದಲ್ಲಿ ಸುತ್ತಿ ಸಣ್ಣ ಮಡಿಕೆಯೊಳಗಿಟ್ಟು, ಆ ಮಡಿಕೆಯನ್ನು ಒದ್ದೆ ಮರಳಿರುವ ದೊಡ್ಡ ಮಡಿಕೆಯಲ್ಲಿ ನೆರಳಿನಲ್ಲಿಡಿ. ಫ್ರಿಜ್ಜಿನಷ್ಟು ತಂಪಾಗದಿದ್ದರೂ ಬಿಸಿಲ ಝಳದಿಂದ ಕಾಯುತ್ತದೆ. ಮಗುವಿಗೆ ವಾಂತಿಭೇದಿಯಾದರೆ ಕುಡಿಸಲು ಓಆರ್‌ಎಸ್ ಪೊಟ್ಟಣಗಳಿರಲಿ. ಅವು ತೀರಿದರೆ ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದ ಅಂಚಿಗೆ ಸಮನಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಅಳೆದೇ ಹಾಕಬೇಕು.

ಬೆಳಕು, ಒಲೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಟಾರ್ಚಿನೊಳಗೆ ಸೆಲ್ಲುಗಳನ್ನು ಬಿಟ್ಟಿಡಬೇಡಿ, ಸೋರಿ ಟಾರ್ಚನ್ನೇ ತಿನ್ನುತ್ತವೆ. ಮಗುವಿರುವ ಮನೆಗೆ ಮೇಣದಬತ್ತಿಗಿಂತ ಚಾರ್ಜಿನ ದೀಪ ಮೇಲು. ಎರಡನೆಯ ಗ್ಯಾಸ್ ಸಿಲಿಂಡರ್ ಖಾಲಿಯಾದ ಕೂಡಲೇ ತುಂಬಿಸಿಕೊಳ್ಳಿ, ಅದಕ್ಕಿಂತ ಹೆಚ್ಚಿನ ಗ್ಯಾಸೂ, ಕ್ಯಾನಿನಲ್ಲಿ ಪೆಟ್ರೋಲೂ ಮನೆಯೊಳಗೆ ಬೇಡವೇ ಬೇಡ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಇಲ್ಲದೆ ಕೊಲ್ಲುತ್ತದೆ.

ಇಂಟರ್ನೆಟ್ಟು ನಿಂತ ದಿನ ಫೋನಿನಲ್ಲಿರುವ ಹಣ ತರಕಾರಿಯವಳಿಗೆ ತಲುಪುವುದಿಲ್ಲವಾದ್ದರಿಂದ ಸಣ್ಣ ನೋಟುಗಳಲ್ಲಿ ಒಂದಿಷ್ಟು ನಗದು ಇರಲಿ. ಆಧಾರ್, ಪಡಿತರ ಚೀಟಿ, ಅತ್ತೆಯವರ ಔಷಧಿ ಚೀಟಿ ಇವುಗಳ ಪ್ರತಿಗಳನ್ನು ನೀರು ಸೋಕದ ಲಕೋಟೆಯಲ್ಲಿ ಹಾಕಿಡಿ, ಒಂದು ಕಟ್ಟು ನನಗೂ ಕಳಿಸಿ. ತುರ್ತಿಗೆ 112, ಆಂಬುಲೆನ್ಸಿಗೆ 108, ಕರೆಂಟಿನ ದೂರಿಗೆ 1912 ಎಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ನಿನ್ನ ಗಂಡ ಊರಲ್ಲಿಲ್ಲದ ದಿನವೇ ಕಷ್ಟ ಬರಬಹುದು, ಆದ್ದರಿಂದ ಯಾವ ವಸ್ತು ಎಲ್ಲಿದೆ ಎಂಬುದು ಅತ್ತೆಯವರಿಗೂ ಗೊತ್ತಿರಬೇಕು.

ಇಷ್ಟೆಲ್ಲ ಓದಿ ಮತ್ತೊಂದು ಪಟ್ಟಿ ಹಿಡಿದು ಪೇಟೆಗೆ ಓಡಬೇಡ. ಮೊದಲು ಒಂದು ಭಾನುವಾರ ಬೆಳಗ್ಗೆ ಮೀಟರ್ ಬಳಿಯ ಮೇನ್ ಸ್ವಿಚ್ ಆರಿಸಿ, ನಲ್ಲಿಯ ವಾಲ್ವು ಮುಚ್ಚಿ, ಸೋಮವಾರ ಬೆಳಗಿನವರೆಗೆ ಮನೆಯಲ್ಲಿರುವುದರಲ್ಲೇ ಎಲ್ಲರೂ ಇದ್ದು ನೋಡಿ. ಆ ದಿನ ಇನ್ಸುಲಿನ್ ಮಾತ್ರ ಪಕ್ಕದ ಮನೆಯ ಫ್ರಿಜ್ಜಿನಲ್ಲಿರಲಿ, ಪರೀಕ್ಷೆಗೆಂದು ಅದನ್ನು ಕೆಡಿಸುವುದು ಬೇಡ. ಶೌಚಕ್ಕೆ ಎಷ್ಟು ನೀರು ಹೋಯಿತು, ಮಗುವಿನ ಹಾಲನ್ನು ಹೇಗೆ ಕಾಪಾಡಿದಿರಿ, ಮಿಕ್ಸಿ ಇಲ್ಲದೆ ಏನು ಅಡುಗೆಯಾಯಿತು, ಯಾವ ಡಬ್ಬಿಯ ಮುಚ್ಚಳ ಕತ್ತಲಲ್ಲಿ ಸಿಗಲಿಲ್ಲ ಎಂಬುದನ್ನು ಆಗಾಗಲೇ ಒಂದು ಚೀಟಿಯಲ್ಲಿ ಬರೆಯುತ್ತಾ ಹೋಗು. ಮುಂಗಾರು ಹಿಡಿಯುವುದರೊಳಗೆ ಆ ಚೀಟಿ ನನ್ನ ಕೈ ಸೇರಲಿ. ಅದರಲ್ಲಿ ಕಾಳುಕಡಿಗೆ ಸಂಬಂಧಿಸಿದ್ದನ್ನು ನಾನು ಇಲ್ಲಿಂದಲೇ ಒಣಗಿಸಿ, ಆರಿಸಿ ಕಳಿಸುತ್ತೇನೆ, ಉಳಿದದ್ದನ್ನು ತಿಂಗಳಿಗೆ ಒಂದೆರಡರಂತೆ ನೀವು ಕೊಳ್ಳಿರಿ. ಅತ್ತೆಯವರಿಗೆ ನನ್ನ ನಮಸ್ಕಾರಗಳನ್ನೂ ಮಗುವಿಗೆ ಮುದ್ದನ್ನೂ ತಿಳಿಸು.

ಇಂತಿ ನಿನ್ನ ದೊಡ್ಡಪ್ಪ