ಮನೆಯ ಹಳೆಯ ಪಿಸ್ತೂಲನ್ನು ಉಜ್ಜಿ ಹಾಳುಮಾಡಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಮನೆ ಕೆಡವುವಾಗ ಅಟ್ಟದಲ್ಲೋ ಮರದ ಪೆಟ್ಟಿಗೆಯಲ್ಲೋ ಬ್ರಿಟಿಷರ ಕಾಲದ ಪಿಸ್ತೂಲು ಸಿಕ್ಕಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಜೊತೆಗಿನ ಚಿತ್ರದಲ್ಲಿ ಎಷ್ಟೋ ಸಲ ಅದು ಫಳಫಳ ಹೊಳೆಯುತ್ತಿರುತ್ತದೆ. ಆ ಹೊಳಪು ಕಂಡರೆ ಸಂಕಟವಾಗುತ್ತದೆ. ಹುಣಸೆಹಣ್ಣು, ಬೂದಿ, ಉಪ್ಪುಕಾಗದ ಹಿಡಿದು ಅರ್ಧ ಗಂಟೆ ತಿಕ್ಕಿದರೆ ಸಾಕು, ಅದು ಯಾವ ಸೈನ್ಯದ್ದು, ಯಾವ ಕಾಲದ್ದು ಎಂದು ಹೇಳುವ ಮುದ್ರೆಗಳು ಸವೆದುಹೋಗುತ್ತವೆ. ಒಮ್ಮೆ ಸವೆದದ್ದನ್ನು ಯಾವ ತಜ್ಞನೂ ಮರಳಿ ತರಲಾರ.

ಮೊದಲು ನೋಡಬೇಕಾದದ್ದು ಒಳಗೆ ಮದ್ದಿದೆಯೇ ಎಂಬುದನ್ನು. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ (ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಪುಟ್ಟ ಟೊಪ್ಪಿಗೆಯ) ಪಿಸ್ತೂಲಾದರೆ ಕುದುರೆಯ, ಅಂದರೆ ಸುತ್ತಿಗೆಯಂತೆ ಹೊಡೆಯುವ ಭಾಗದ, ಕೆಳಗಿನ ಮೊಲೆಯ (ಕೇಪು ಕೂರುವ ಸಣ್ಣ ಕೊಳವೆಯ) ಮೇಲೆ ತಾಮ್ರದ ಕೇಪು ಕೂತಿದೆಯೇ ಗಮನಿಸಿ. ಕೂತಿದ್ದರೆ ಮುಟ್ಟದೆ ಬಿಡಿ. ಇಲ್ಲದಿದ್ದರೆ, ನಳಿಗೆಯ ಬಾಯಿಗೆ ಎದುರಾಗದಂತೆ ಪಕ್ಕದಲ್ಲಿ ನಿಂತು ಪೆನ್ಸಿಲ್ ದಪ್ಪದ ಮರದ ಕಡ್ಡಿಯನ್ನು ಮೆಲ್ಲಗೆ ಒಳಗಿಳಿಸಿ. ತಡೆದಲ್ಲಿ ನಿಲ್ಲಿಸಿ, ಬಾಯಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಗುರುತು ಹಾಕಿ ಹೊರತೆಗೆಯಿರಿ. ಅದನ್ನೇ ನಳಿಗೆಯ ಹೊರಮೈಗೆ ಹಿಡಿದು ನೋಡಿ. ಕಡ್ಡಿಯ ತುದಿ ಕೇಪು ಕೂರುವ ಜಾಗದ ತನಕ ಬರಬೇಕು. ಎರಡು ಸೆಂಟಿಮೀಟರಿನಷ್ಟು ಹಿಂದೆಯೇ ನಿಂತಿದ್ದರೆ ಒಳಗೇನೋ ಇದೆ ಎಂದರ್ಥ. ಕಣಜದ ಮಣ್ಣಿನ ಗೂಡೂ ಇರಬಹುದು, ಮದ್ದು ಗುಂಡೂ ಇರಬಹುದು. ತೇವ ತಾಗದ ಕರಿಮದ್ದು ನೂರೈವತ್ತು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ. ಕುಟ್ಟುವುದು, ಕಾಯಿಸುವುದು, ಕಬ್ಬಿಣದ ಸರಳಿನಿಂದ ಕೆದಕುವುದು ಕೂಡದು. ಇದ್ದಲ್ಲೇ ಬಿಟ್ಟು ಪೊಲೀಸರಿಗೆ ತಿಳಿಸಿ. ಕುದುರೆ ಎಳೆದು ಟಪ್ ಎನಿಸಿ ನೋಡುವ ಚಾಳಿಯೂ ಬೇಡ. ಬರಿದೇ ಹೊಡೆಸಿದರೆ ಮೊಲೆ ಜಜ್ಜಿಹೋಗುತ್ತದೆ, ಹಳೆಯ ಸ್ಪ್ರಿಂಗ್ ಮುರಿಯುತ್ತದೆ.

ಇನ್ನು ಗುರುತಿಸುವ ವಿಷಯ. ಈಸ್ಟ್ ಇಂಡಿಯಾ ಕಂಪನಿಯ ಕುದುರೆ ಸವಾರರ ಕೇಪಿನ ಪಿಸ್ತೂಲನ್ನೇ ತೆಗೆದುಕೊಳ್ಳೋಣ. ನಳಿಗೆಯ ರಂಧ್ರ ಸುಮಾರು 16 ಮಿಲಿಮೀಟರ್, ಆಕ್ರೋಟು ಮರದ ಹಿಡಿ, ಹಿತ್ತಾಳೆಯ ಕಟ್ಟು. ಮದ್ದು ದಟ್ಟಿಸುವ ಗಜ ಕೀಲಿನಿಂದ ನಳಿಗೆಗೇ ಸೇರಿಕೊಂಡಿರುತ್ತದೆ, ಓಡುವ ಕುದುರೆಯ ಮೇಲಿಂದ ಬಿದ್ದುಹೋಗಬಾರದಲ್ಲ. ಪಿಸ್ತೂಲಿನ ಕುದುರೆಯ ಪಕ್ಕದ ಉಕ್ಕಿನ ತಗಡಿನ ಮೇಲೆ, ಹಿಂಗಾಲಲ್ಲಿ ನಿಂತು ಕಿರೀಟ ಹಿಡಿದ ಸಿಂಹವಿದ್ದರೆ ಅದು ಕಂಪನಿಯ ಮುದ್ರೆ. ಅದಕ್ಕೂ ಹಿಂದಿನವುಗಳಲ್ಲಿ ನಾಲ್ಕು ಭಾಗ ಮಾಡಿ ಅಕ್ಷರ ತುಂಬಿದ ಹೃದಯದ ಗುರುತು ಇರುತ್ತದೆ. ಕಿರೀಟದ ಕೆಳಗೆ ವಿ.ಆರ್. ಎಂದಿದ್ದರೆ ವಿಕ್ಟೋರಿಯಾ ರಾಣಿಯ ಸರ್ಕಾರದ್ದು, ಅಂದರೆ 1837ರಿಂದ 1901ರೊಳಗಿನದು. ಮುದ್ರೆ ಮಸುಕಾಗಿದ್ದರೆ ಟಾರ್ಚನ್ನು ತಗಡಿನ ಮೈಮಟ್ಟಕ್ಕೆ ಹಿಡಿದು ಬೆಳಕು ಓರೆಯಾಗಿ ಬೀಳುವಂತೆ ಮಾಡಿ ಫೋಟೊ ತೆಗೆಯಿರಿ, ಕಣ್ಣಿಗೆ ಕಾಣದ ಗೆರೆಯೂ ಎದ್ದುಬರುತ್ತದೆ.

ಸಿಂಹ ಕಂಡ ಕೂಡಲೇ ಟಿಪ್ಪುವಿನ ಹುಲಿ ಎಂದುಕೊಳ್ಳಬೇಡಿ. ಟಿಪ್ಪು ಸುಲ್ತಾನ್ ಮಡಿದದ್ದು 1799ರಲ್ಲಿ. ಕೇಪಿನ ಬೀಗ (ಮದ್ದಿಗೆ ಕಿಡಿ ತಾಗಿಸುವ ಯಂತ್ರ) ಕಂಪನಿಯ ಸೈನ್ಯಕ್ಕೆ ಬಂದದ್ದು ಅದಾಗಿ ನಾಲ್ಕು ದಶಕಗಳ ಮೇಲೆ. ಶ್ರೀರಂಗಪಟ್ಟಣದ ಅಸಲಿ ಪಿಸ್ತೂಲುಗಳು ಚಕಮಕಿ ಕಲ್ಲಿನವು. ಅವುಗಳ ಮೇಲೆ ಹುಲಿಪಟ್ಟೆಯ ಚಿತ್ತಾರ, ಪರ್ಷಿಯನ್ ಬರಹ, ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷ ಇರುತ್ತದೆ. ಚಕಮಕಿಯದನ್ನು ಆಮೇಲೆ ಕೇಪಿಗೆ ಬದಲಾಯಿಸಿದ್ದೂ ಉಂಟು. ಹಾಗಿದ್ದರೆ ತಗಡಿನಲ್ಲಿ ಹಳೆಯ ತಿರುಪಿನ ತೂತು ಮುಚ್ಚಿದ ಕಲೆಗಳು ಕಾಣುತ್ತವೆ. ಅಲಂಕಾರಕ್ಕೆಂದು ಮಾಡಿದ ನಕಲಿಗಳಲ್ಲಿ ಸಾಮಾನ್ಯವಾಗಿ ಮುದ್ರೆಯ ಅಂಚು ಮೊಂಡಾಗಿ, ಲೋಹ ಸಣ್ಣ ಗುಳ್ಳೆ ಗುಳ್ಳೆಯಾಗಿರುತ್ತದೆ. ಎರಕದಲ್ಲೇ ಮೂಡಿಸಿದ್ದು ಎಂಬುದಕ್ಕೆ ಅದೇ ಸಾಕ್ಷಿ. ಅಚ್ಚು ಹೊಡೆದ ಅಸಲಿ ಮುದ್ರೆಯ ಅಂಚು ಚೂಪಾಗಿರುತ್ತದೆ.

ಸ್ವಚ್ಛಮಾಡಲೇಬೇಕೆಂದರೆ ಮೊದಲು ತುಕ್ಕನ್ನು ಓದಬೇಕು. ಬಿಳಿ ಬಟ್ಟೆಗೆ ಕಿತ್ತಳೆ ಪುಡಿ ಅಂಟಿದರೆ ತುಕ್ಕು ಇನ್ನೂ ತಿನ್ನುತ್ತಿದೆ. ಕಂದು ಬಣ್ಣಕ್ಕೆ ತಿರುಗಿ ನುಣುಪಾಗಿದ್ದರೆ ಅದು ನಿಂತ ತುಕ್ಕು, ಅದನ್ನು ಕೆರೆಯಬಾರದು. ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಹಾಕಿ ಒಂದು ದಿನ ಬಿಟ್ಟು ಹತ್ತಿಬಟ್ಟೆಯಿಂದ ಒರೆಸಿ. ಪುಡಿ ಇನ್ನೂ ಬರುತ್ತಿದ್ದರೆ ನಾಲ್ಕು ಸೊನ್ನೆಯ ಅತಿ ನುಣುಪಿನ ಉಕ್ಕಿನ ಉಣ್ಣೆಯನ್ನು ಎಣ್ಣೆಯಲ್ಲಿ ಅದ್ದಿ, ಮುದ್ರೆಯಿಂದ ದೂರದಲ್ಲಿ, ಹಗುರಾಗಿ ಆಡಿಸಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅದು ಹಳಸಿ ಅಂಟಾಗುತ್ತದೆ, ಅದರ ಆಮ್ಲ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತದೆ. ಹುಣಸೆಯದೂ ಆಮ್ಲದ ಕೆಲಸವೇ. ಅಂಗಡಿಯ ಹಿತ್ತಾಳೆ ಪಾಲಿಶು ಸಂದಿಯಲ್ಲಿ ಬಿಳಿ ಪುಡಿಯಾಗಿ ಉಳಿದು ತೇವ ಹಿಡಿದಿಡುತ್ತದೆ. ಮರಕ್ಕೆ ವಾರ್ನಿಶ್ ಬೇಡ, ಒಣಬಟ್ಟೆ ಸಾಕು. ತಿರುಪು ಬಿಚ್ಚುವ ಆಸೆಯನ್ನೂ ತಡೆದುಕೊಳ್ಳಿ. ಇಂದಿನ ಸ್ಕ್ರೂಡ್ರೈವರಿನ ತುದಿ ಇಳಿಜಾರಾಗಿದ್ದು, ಹಳೆಯ ತಿರುಪಿನ ತಲೆಯ ಕಿರಿದಾದ ಸೀಳನ್ನು ಹರಿದುಬಿಡುತ್ತದೆ. ಹಾಗೆ ಹರಿದ ತಿರುಪಿನ ತಲೆಯನ್ನು ನೋಡುತ್ತಲೇ ಬಲ್ಲವರು ಬೆಲೆ ಇಳಿಸುತ್ತಾರೆ.

ಮಲೆನಾಡು, ಕೊಡಗಿನ ಮಳೆಗಾಲವೇ ಇದಕ್ಕೆ ದೊಡ್ಡ ಶತ್ರು. ಚರ್ಮದ ಚೀಲದಲ್ಲಿ ಇಡಬೇಡಿ, ಹದಮಾಡಿದ ಚರ್ಮದ ಆಮ್ಲ ಮತ್ತು ಅದು ಹೀರುವ ತೇವ ಎರಡೂ ಲೋಹವನ್ನು ತಿನ್ನುತ್ತವೆ. ತೆಳ್ಳಗೆ ಮೈಕ್ರೋಕ್ರಿಸ್ಟಲಿನ್ ಮೇಣ ಸವರಿ, ಆಮ್ಲರಹಿತ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪುಟ್ಟ ತೇವಮಾಪಕವನ್ನೂ ಒಳಗಿಟ್ಟರೆ ಒಳ್ಳೆಯದು. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಬೇಕು, ತೀರಾ ಕೆಳಗಿಳಿದರೆ ಮರ ಬಿರುಕು ಬಿಡುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪಿಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ.

ಬೆಲೆಯ ವಿಚಾರದಲ್ಲಿ ಲಂಡನ್ನಿನ ಹರಾಜಿನ ಅಂಕಿಗಳನ್ನು ನಂಬಿ ಕೂರಬೇಡಿ. 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಇಲ್ಲಿ ಬೆಲೆ ತರುವುದು ಬದಲಾಗದ ಬೀಗ, ಮೂಲ ಗಜ, ಮುಟ್ಟದ ಮೈ, ಎಲ್ಲಕ್ಕಿಂತ ಹೆಚ್ಚಾಗಿ ದಾಖಲೆ. ಪಿಂಚಣಿ ಕಾಗದ, ಇನಾಮಿನ ಪತ್ರ, ಪದಕ, ಹಳೆಯ ಲೈಸೆನ್ಸು ಇದ್ದರೆ ಪಿಸ್ತೂಲಿನಿಂದ ಬೇರೆಮಾಡಬೇಡಿ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿದ್ದಕ್ಕೆ ಹಲಗಲಿಯಂಥ ಊರೇ ಸುಟ್ಟುಹೋದ ನಾಡು ನಮ್ಮದು. ಅದನ್ನೂ ದಾಟಿ ಉಳಿದುಬಂದ ಆಯುಧಕ್ಕೆ ಅದರ ಮನೆತನದ ಕಾಗದವೇ ಅರ್ಧ ಜೀವ.

ಕಾನೂನು ಸರಳವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ ಆಯುಧಕ್ಕೆ ವಿನಾಯಿತಿ ಕೊಡುವುದು ದುರಸ್ತಿ ಮಾಡಿದರೂ ಗುಂಡು ಹಾರದಂತಿದ್ದಾಗ ಮಾತ್ರ. ಹಳೆಯದು ಎಂಬುದೊಂದೇ ಸಾಲದು. ಹಾಗೆಂದು ವಿನಾಯಿತಿಯ ಆಸೆಗೆ ನಳಿಗೆ ಕೊರೆಸುವುದು, ವೆಲ್ಡಿಂಗ್ ಮಾಡಿಸುವುದು ಬೇಡ. ಲೈಸೆನ್ಸುದಾರರು ತೀರಿಕೊಂಡಿದ್ದರೆ ಆಯುಧವನ್ನು ತಡಮಾಡದೆ ಠಾಣೆಯಲ್ಲೋ ಅಧಿಕೃತ ವ್ಯಾಪಾರಿಯಲ್ಲೋ ಠೇವಣಿ ಇಟ್ಟು, ವಾರಸುದಾರರಾಗಿ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಕೊಡವರು ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೆ ಇರುವ ಲೈಸೆನ್ಸಿನ ವಿನಾಯಿತಿ ಬೇರೆ ಜಿಲ್ಲೆಯವರಿಗೆ ಅನ್ವಯಿಸದು.

ಠೇವಣಿಯ ರಸೀದಿಯಲ್ಲಿ ‘ಹಳೆ ಪಿಸ್ತೂಲು 1’ ಎಂದು ಬರೆಸಿಕೊಂಡು ಬರಬೇಡಿ. ಒಟ್ಟು ಉದ್ದ, ರಂಧ್ರದ ಅಳತೆ, ಮುದ್ರೆಗಳ ವಿವರ ಬರೆಸಿ, ಫೋಟೊ ಲಗತ್ತಿಸಿ. ಪೊಲೀಸ್ ಇಲಾಖೆಗೂ ಒಂದು ವಿನಂತಿ: ವಾರಸುದಾರರಿಲ್ಲದೆ ಉಳಿದ ಇಂಥವನ್ನು ನಾಶಪಡಿಸುವ ಮುನ್ನ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯವರಿಗೆ ಒಮ್ಮೆ ತೋರಿಸುವುದನ್ನು ಕಡ್ಡಾಯ ಮಾಡಬೇಕು.

– ಓದುಗ, ಮೈಸೂರು