ಪ್ರಿಯಾಮ ತಾನೇ ಬಂದ

ಗೆಳೆಯಾ,

"ಇಲಿಯಡ್ ಕಾಲು ಭಾಗಕ್ಕೇ ಬಿಟ್ಟೆ ಮಾರಾಯ. ಪಾಲು ಕಿತ್ತುಕೊಂಡರು ಅಂತ ಮುನಿಸಿಕೊಂಡು ಯುದ್ಧ ಬಿಟ್ಟು ಕೂತ ಅಕಿಲೀಸ್ ಎಂಥ ವೀರ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಆಗ ತಡವರಿಸಿದೆ. ಎರಡು ದಿನದಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ, ಅದಕ್ಕೇ ಈ ಕಾಗದ.

ಟ್ರಾಯ್ ಯುದ್ಧವನ್ನು ಹಾಡಿದ ಗ್ರೀಕ್ ಕವಿ ಹೋಮರನ ವೀರರಿಗೆ ಮಾನ ಎಂದರೆ ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು. ಗ್ರೀಕಿನಲ್ಲಿ ಅದು ‘ತಿಮೇ’. ಅದರ ಗುರುತಾಗಿ ದಂಡಿನವರೆಲ್ಲರ ಎದುರು ಕೊಡುವ ಕೊಳ್ಳೆಯ ಪಾಲು ‘ಗೆರಾಸ್’. ಅಕಿಲೀಸನ ಪಾಲಿಗೆ ಬಂದವಳು ಬ್ರಿಸೇಯಿಸ್. (ಗಂಡನನ್ನು ಕೊಂದವನ ಕೈಗೇ ಸೇರಿದ ಹೆಂಗಸು. ಓದುವಾಗಲೆಲ್ಲ ನನಗೆ ಇದು ಚುಚ್ಚುತ್ತದೆ.) ಗ್ರೀಕ್ ದಂಡಿನ ಮುಖ್ಯಸ್ಥ ಅಗಮೆಮ್ನಾನ್ ತುಂಬಿದ ಸಭೆಯಲ್ಲಿ ಅವಳು ತನಗೆ ಬೇಕೆಂದು, ಆಮೇಲೆ ಆಳು ಕಳಿಸಿ ಕರೆಸಿಕೊಂಡ. ಪಂಕ್ತಿಯಲ್ಲಿ ಕೂತವನ ಮುಂದಿನ ಎಲೆ ಎಳೆದ ಹಾಗೆ.

9ನೆಯ ಸರ್ಗದಲ್ಲಿ ಅಗಮೆಮ್ನಾನ್ ಕಳಿಸಿದ ಜನ ರಾಜಿಗೆ ಬರುತ್ತಾರೆ. 7 ಮುಕ್ಕಾಲಿ ಪಾತ್ರೆ, 20 ಕೊಪ್ಪರಿಗೆ, 12 ಕುದುರೆ, ಚಿನ್ನ, ಊರುಗಳು, ಬ್ರಿಸೇಯಿಸಳೂ ವಾಪಸ್. ಅವನು ಮಾತ್ರ ಬರುವುದಿಲ್ಲ. "ಅವನು ನನಗೆ ಬಗ್ಗಲಿ, ನಾನು ಅವನಿಗಿಂತ ದೊಡ್ಡ ಅರಸ" ಎಂದು ಹೇಳಿ ಕಳಿಸಿರುತ್ತಾನೆ. ರಾಜಿಗೆ ಬಂದವರಲ್ಲೊಬ್ಬನಾದ ಒಡಿಸ್ಸಿಯಸ್ ಕಾಣಿಕೆಗಳನ್ನೆಲ್ಲ ಎಣಿಸಿ ಹೇಳಿ ಆ ಮಾತನ್ನಷ್ಟೇ ನುಂಗಿಬಿಡುತ್ತಾನೆ. ಅಕಿಲೀಸನಿಗೆ ವಾಸನೆ ಹತ್ತಿತೋ ಏನೋ, ಮನಸ್ಸಲ್ಲಿ ಒಂದಿಟ್ಟು ಬಾಯಲ್ಲಿ ಇನ್ನೊಂದು ಆಡುವವನು ನನಗೆ ಸಾವಿನ ಬಾಗಿಲಷ್ಟೇ ಅಸಹ್ಯ ಅನ್ನುತ್ತಾನೆ. ದನಕುರಿ ಕೊಳ್ಳೆ ಹೊಡೆದು ತರಬಹುದು, ಮುಕ್ಕಾಲಿ ಸಂಪಾದಿಸಬಹುದು, ಹಲ್ಲಿನ ಬೇಲಿ ದಾಟಿದ ಜೀವ ಮರಳಿ ಬಾರದು ಎಂದು ಕಾಣಿಕೆಗಳನ್ನೆಲ್ಲ ಒಲ್ಲೆ ಅನ್ನುತ್ತಾನೆ.

ಅವನಿಗೆ ಎರಡು ಹಣೆಬರಹವಿತ್ತು. ಊರಿಗೆ ಹೋದರೆ ದೀರ್ಘಾಯುಷ್ಯ, ಟ್ರಾಯ್‌ನಲ್ಲೇ ನಿಂತು ಕಾದಿದರೆ ಸಾವು ಮತ್ತು ಅಳಿಯದ ‘ಕ್ಲೆಯೋಸ್’. ಕ್ಲೆಯೋಸ್ ಅಂದರೆ ಕೇಳಿಬರುವ ಹೆಸರು, ಸಂಸ್ಕೃತದ ‘ಶ್ರವಸ್’ನ ಒಡಹುಟ್ಟು. ನಮ್ಮ ವೀರಗಲ್ಲುಗಳಲ್ಲಿ ಸತ್ತವನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುತ್ತಾರೆ. ಇಲಿಯಡ್‌ನಲ್ಲಿ ಸತ್ತ ವೀರ ಪಾತಾಳದ ಬರೀ ನೆರಳು. ಉಳಿಯುವುದು ಹಾಡಿನಲ್ಲಿನ ಹೆಸರೊಂದೇ. ಆ ಹೆಸರನ್ನೂ ಒಂದು ಗಳಿಗೆ ತಕ್ಕಡಿಗೆ ಹಾಕಿ ನೋಡಿದನಲ್ಲ, ಅಲ್ಲಿ ಅವನು ನನಗೆ ಹತ್ತಿರದವನಾದ.

ಈಗ ನೇರ 24ನೆಯ ಸರ್ಗಕ್ಕೆ ಬಾ. ಅಕಿಲೀಸನ ಜೀವದ ಗೆಳೆಯ ಪತ್ರೋಕ್ಲಸ್ ಸತ್ತಿದ್ದಾನೆ, ಅವನನ್ನು ಕೊಂದ ಟ್ರಾಯ್‌ನ ವೀರ ಹೆಕ್ಟರನನ್ನು ಅಕಿಲೀಸ್ ಕೊಂದು ರಥಕ್ಕೆ ಕಟ್ಟಿ ಎಳೆದಿದ್ದಾನೆ. ರಾತ್ರಿ ಹೆಕ್ಟರನ ಮುದಿತಂದೆ, ಟ್ರಾಯ್‌ನ ಅರಸ ಪ್ರಿಯಾಮ, ಶತ್ರುವಿನ ಬಿಡಾರಕ್ಕೆ ತಾನೇ ಬರುತ್ತಾನೆ. ಮಂಡಿ ಹಿಡಿದು, ಮಕ್ಕಳನ್ನು ಕೊಂದ ಆ ಕೈಗಳಿಗೆ ಮುತ್ತಿಡುತ್ತಾನೆ. "ನಿನ್ನ ಅಪ್ಪನನ್ನು ನೆನೆ" ಅನ್ನುತ್ತಾನೆ. ಇಬ್ಬರೂ ಅಳುತ್ತಾರೆ, ಒಬ್ಬ ಮಗನಿಗಾಗಿ, ಇನ್ನೊಬ್ಬ ಅಪ್ಪನಿಗೂ ಪತ್ರೋಕ್ಲಸನಿಗೂ.

ಪ್ರಿಯಾಮನೂ ಗಾಡಿ ತುಂಬ ಕಾಣಿಕೆ ತಂದಿದ್ದ. ಈ ಸಲ ಅಕಿಲೀಸ್ ಒಪ್ಪಿಕೊಂಡ. ಅದರಲ್ಲೇ ಎರಡು ಹೊದಿಕೆ, ಒಂದು ಅಂಗಿ ಹೆಣಕ್ಕೆಂದು ಬಿಡಿಸಿಟ್ಟು, ಮೈ ತೊಳೆಸಿ, ತಾನೇ ಎತ್ತಿ ಮಲಗಿಸಿದ. ಮುದುಕನಿಗೆ ಊಟ ಹಾಕಿದ. ಸಂಸ್ಕಾರಕ್ಕೆ ಎಷ್ಟು ದಿನ ಬೇಕು ಎಂದು ಕೇಳಿದ. "ಹನ್ನೊಂದು. ಹನ್ನೆರಡನೆಯ ದಿನ ಕಾದುವುದೇ ಆದರೆ ಕಾದೋಣ" ಎಂದ ಪ್ರಿಯಾಮ. ಅಷ್ಟು ದಿನ ಯುದ್ಧ ತಡೆಯುತ್ತೇನೆಂದು ಅಕಿಲೀಸ್ ಮುದುಕನ ಮಣಿಕಟ್ಟು ಹಿಡಿದ.

ಆ ಸರ್ಗ ಒಂದನ್ನಾದರೂ ಓದಿ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಎತ್ತುತ್ತೇನೆ.

ನಿನ್ನ ಗೆಳೆಯ